ಕೈವಾರದ ಮುಳ್ಳು ನಿಡಗುಂದಿಯ ಮೇಲೆ



ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು ನಾನು. ನಿವೃತ್ತಿಯಾದ ಮೇಲೂ ಪಡಸಾಲೆಯ ಗೋಡೆಗೆ ಕರ್ನಾಟಕದ ನಕಾಶೆ ತೂಗುಹಾಕಿಕೊಂಡಿದ್ದೇನೆ. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಅದರ ಮುಂದೆ ನಿಂತು, "ಅಜ್ಜಾ, ನಮ್ಮ ನಿಡಗುಂದಿಗೆ ಯಾವ ಏರ್‌ಪೋರ್ಟ್ ಹತ್ತಿರ?" ಎಂದು ಕೇಳಿದಳು. ಹುಬ್ಬಳ್ಳಿ ಎಂದು ಹೇಳಲು ಬಾಯಿ ತೆರೆದವನು ತಡೆದೆ. ಕಲಬುರಗಿಯೋ ಹುಬ್ಬಳ್ಳಿಯೋ, ಅಳೆದು ನೋಡೋಣ ಎಂದು ಅವಳ ಕಂಪಾಸ್ ಪೆಟ್ಟಿಗೆಯಿಂದ ಕೈವಾರ ತೆಗೆಸಿದೆ.

ನಕಾಶೆಯಲ್ಲಿ ಒಂದು ಸೆಂಟಿಮೀಟರಿಗೆ ಇಪ್ಪತ್ತು ಕಿಲೋಮೀಟರ್. ಕೈವಾರದ ಮುಳ್ಳನ್ನು ವಿಜಯಪುರ ಜಿಲ್ಲೆಯ ನಿಡಗುಂದಿಯ ಮೇಲೆ ಊರಿ, ಪೆನ್ಸಿಲಿನ ಕಾಲನ್ನು ಏಳೂವರೆ ಸೆಂಟಿಮೀಟರ್ ಅಗಲಿಸಿ ಒಂದು ಸುತ್ತು ತಿರುಗಿಸಿದಳು. ಸುತ್ತು ಮುಗಿದಾಗ ಇಬ್ಬರೂ ಸುಮ್ಮನಾದೆವು. ಗೆರೆ ಹುಬ್ಬಳ್ಳಿಯ ಪಕ್ಕದಲ್ಲಿ ಹಾದಿತ್ತು. ಬೆಳಗಾವಿಯ ಸಾಂಬ್ರಾದ ಮೇಲೆ ಹಾದಿತ್ತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಮೇಲೂ, ಕಲಬುರಗಿಯ ಮೇಲೂ ಹಾದು, ಮಹಾರಾಷ್ಟ್ರದ ಸೊಲ್ಲಾಪುರವನ್ನು ಒಳಗೆ ಹಾಕಿಕೊಂಡು ಮತ್ತೆ ಶುರುವಾದಲ್ಲಿಗೇ ಬಂದು ಸೇರಿತ್ತು. ಐದು ಊರು, ಐದು ವಿಮಾನ ನಿಲ್ದಾಣ. ನಟ್ಟನಡುವೆ ನಮ್ಮೂರು.

ಪೆನ್ಸಿಲಿನ ಗೆರೆ ದಪ್ಪ, ಅದನ್ನು ನಂಬಬಾರದು ಎಂದು ರಾತ್ರಿ ಕೂತು ಅಕ್ಷಾಂಶ ರೇಖಾಂಶ ಹಿಡಿದು ಲೆಕ್ಕ ಮಾಡಿದೆ. ನಮ್ಮ ಭಾಗದಲ್ಲಿ ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ರೇಖಾಂಶದ ಒಂದು ಡಿಗ್ರಿಗೆ 107ರ ಹತ್ತಿರ, ಏಕೆಂದರೆ ರೇಖಾಂಶಗಳು ಧ್ರುವದ ಕಡೆಗೆ ಹೋಗುತ್ತಾ ಒಂದನ್ನೊಂದು ಕೂಡಿಕೊಳ್ಳುತ್ತವೆ. ಇಷ್ಟು ಗೊತ್ತಿದ್ದರೆ ಎಂಟನೆಯ ತರಗತಿಯ ಮಕ್ಕಳೂ ಪೈಥಾಗೊರಸನ ಸೂತ್ರದಿಂದ ಆಕಾಶದ ದೂರ ತೆಗೆಯಬಹುದು. ನಮಗೆ ಬಂದ ಉತ್ತರ ಹೀಗಿತ್ತು: ನಿಡಗುಂದಿಯಿಂದ ಸೊಲ್ಲಾಪುರ ವಿಮಾನ ನಿಲ್ದಾಣಕ್ಕೆ ಸುಮಾರು 140 ಕಿಲೋಮೀಟರ್, ಹುಬ್ಬಳ್ಳಿಗೆ 142, ಬೆಳಗಾವಿಗೆ 150, ತೋರಣಗಲ್ಲಿಗೆ 152, ಕಲಬುರಗಿಗೂ 152. ಹೆಚ್ಚುಕಡಿಮೆ ಹನ್ನೆರಡು ಕಿಲೋಮೀಟರಿನೊಳಗೆ ಐದೂ ಸಮ. ಯಾರಾದರೂ ಬೇಕೆಂದು ಹಗ್ಗ ಕಟ್ಟಿ ಗುರುತು ಮಾಡಿದ್ದರೂ ಇಷ್ಟು ಸರಿಯಾಗಿ ಬರುತ್ತಿರಲಿಲ್ಲ.

ಇನ್ನೊಂದು ಸಂಗತಿಯೂ ಸಿಕ್ಕಿತು. ಹುಬ್ಬಳ್ಳಿ ನಿಲ್ದಾಣದಿಂದ ಕಲಬುರಗಿ ನಿಲ್ದಾಣಕ್ಕೆ ನೆಟ್ಟಗೆ ಗೆರೆ ಎಳೆದರೆ ಅದು 294 ಕಿಲೋಮೀಟರ್. ಆ ಗೆರೆಯ ನಡುಬಿಂದು ಬೀಳುವುದು ನಮ್ಮೂರಿಗೆ ಹತ್ತು ಕಿಲೋಮೀಟರ್ ಆಚೀಚೆ, ಆಲಮಟ್ಟಿ, ಮುದ್ದೇಬಿಹಾಳದ ನಡುವಿನ ಸೀಮೆಯಲ್ಲಿ. ಹುಬ್ಬಳ್ಳಿಯಿಂದ ಈಶಾನ್ಯಕ್ಕೆ ಹಾರಿದ ವಿಮಾನ ನೇರವಾಗಿ ಕಲಬುರಗಿಗೆ ಹೋದರೆ ಅರ್ಧ ದಾರಿಯಲ್ಲಿ ಪ್ರಯಾಣಿಕರಿಗೆ ಕಿಟಕಿಯಲ್ಲಿ ಕಾಣುವುದು ಆಲಮಟ್ಟಿಯ ಹಿನ್ನೀರು ಮತ್ತು ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳು.

ಈ 294 ಕಿಲೋಮೀಟರಿಗೆ ಎಷ್ಟು ಹೊತ್ತು ಬೇಕು? ಎರಡು ಪಂಖಗಳ ಎಟಿಆರ್ ವಿಮಾನ ತಾಸಿಗೆ 500 ಕಿಲೋಮೀಟರಿನ ಆಸುಪಾಸು ಓಡುತ್ತದೆ. ಬರಿ ಭಾಗಾಕಾರ ಮಾಡಿದರೆ ಮೂವತ್ತೈದು ನಿಮಿಷ. ಆದರೆ ಹುಬ್ಬಳ್ಳಿಯ ರನ್‌ವೇಯಾಗಲಿ ಕಲಬುರಗಿಯದಾಗಲಿ ಈಶಾನ್ಯಕ್ಕೆ ಮುಖ ಮಾಡಿಲ್ಲ. ಎರಡೂ ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿ ಮಲಗಿವೆ. ನಮ್ಮ ಕಡೆಯ ಗಾಳಿಯ ದಿಕ್ಕು ಅದು, ಮುಂಗಾರಿನಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆ ಎಂಬುದನ್ನು ಕಣದಲ್ಲಿ ಜೋಳ ತೂರಿದವರಿಗೆ ಹೇಳಬೇಕಿಲ್ಲ. ವಿಮಾನ ಗಾಳಿಗೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು. ಹಾಗಾಗಿ ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಏರಿ, ಬಳಸಿ ತಿರುಗಿ, ನಮ್ಮ ತಲೆಯ ಮೇಲೆ ಹಾದು, ಕಲಬುರಗಿಯಲ್ಲಿ ಮತ್ತೊಂದು ಸುತ್ತು ಬಳಸಿ ಇಳಿಯಬೇಕಾಗುತ್ತದೆ. ನೆಲದ ಮೇಲೆ ತೆವಳುವ ಹೊತ್ತನ್ನೂ ಕೂಡಿಸಿದರೆ ವೇಳಾಪಟ್ಟಿಯಲ್ಲಿ ಒಂದು ತಾಸು ಬರೆಯುವುದು ನ್ಯಾಯ.

ಒಂದು ತಾಸು! ಅದೇ ಎರಡು ಊರುಗಳ ನಡುವೆ ನವಲಗುಂದ, ನರಗುಂದ, ವಿಜಯಪುರ, ಸಿಂದಗಿ, ಜೇವರ್ಗಿಯ ಮೇಲೆ ರಸ್ತೆಯಲ್ಲಿ ಹೋದರೆ ಮುನ್ನೂರೈವತ್ತು ಕಿಲೋಮೀಟರಿನ ಆಸುಪಾಸು, ಬಸ್ಸಿನಲ್ಲಿ ಇಡೀ ಹಗಲು. ರೈಲಿನಲ್ಲಿ ಹೋಗುತ್ತೇನೆಂದರೆ ಗದಗ, ಬಾಗಲಕೋಟೆ, ಆಲಮಟ್ಟಿ, ವಿಜಯಪುರ, ಇಂಡಿ ದಾಟಿ ಮಹಾರಾಷ್ಟ್ರದ ಹೋಟಗಿಗೆ ಹೋಗಿ, ಅಲ್ಲಿಂದ ತಿರುಗಿ ಕರ್ನಾಟಕಕ್ಕೆ ಬರಬೇಕು. ವಿಮಾನದಲ್ಲೇ ಬೆಂಗಳೂರಿನ ಮೇಲೆ ಸುತ್ತಿ ಹೋದರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ 370, ಬೆಂಗಳೂರಿನಿಂದ ಕಲಬುರಗಿಗೆ 461, ಒಟ್ಟು 831 ಕಿಲೋಮೀಟರ್. ಪಕ್ಕದ ಓಣಿಯ ಬೀಗರ ಮನೆಗೆ ಹೋಗಲು ಊರಾಚೆಯ ಹೊಲವನ್ನೆಲ್ಲ ಸುತ್ತಿ ಬಂದ ಹಾಗೆ.

ಆದರೆ ಈವರೆಗೆ ನಾನು ಹೇಳಿದ್ದೆಲ್ಲ ನಿಲ್ದಾಣದಿಂದ ನಿಲ್ದಾಣಕ್ಕೆ ಇರುವ ದೂರ. ನಿಡಗುಂದಿಯವರ ದೂರ ಶುರುವಾಗುವುದು ಮನೆಯ ಹೊಸ್ತಿಲಿನಿಂದ. ಅದನ್ನು ಒಂದು ಜನವರಿಯಲ್ಲಿ ನಾನು ಚೆನ್ನಾಗಿ ಕಲಿತೆ.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ಅವನ ಮಗುವಿನ ತೊಟ್ಟಿಲಿಗೆ ಅಕ್ಕ ಹೋಗಬೇಕಾಗಿತ್ತು. ಮೊಣಕಾಲು ನೋವಿನಿಂದ ರಾತ್ರಿ ಬಸ್ಸು ಆಗದು ಎಂದು ಅವನೇ ಹುಬ್ಬಳ್ಳಿಯಿಂದ ವಿಮಾನದ ಟಿಕೆಟ್ ತೆಗೆಸಿದ. ಅಕ್ಕನಿಗೆ ಅದು ಮೊದಲನೆಯ ವಿಮಾನ. ವಿಮಾನ ಒಂಬತ್ತೂಕಾಲಿಗೆ. ಕೌಂಟರ್ ಒಂದು ತಾಸು ಮೊದಲೇ ಮುಚ್ಚುತ್ತದೆ, ಎಂದರೆ ಎಂಟೂಕಾಲು. ದಾರಿ 170 ಕಿಲೋಮೀಟರಿಗೆ ಹತ್ತಿರ. ಮೂರೂವರೆ ತಾಸು ಹಿಡಿದರೂ ಅರ್ಧ ತಾಸು ಕೈಯಲ್ಲಿರಲಿ ಎಂದು ನಸುಕಿನ ನಾಲ್ಕಕ್ಕೆ ಹೊರಡುವುದೆಂದು ನಿಶ್ಚಯಿಸಿದೆ. ಸಂಕ್ರಮಣದ ದಿನಗಳು. ಅಕ್ಕ ರಾತ್ರಿ ಒಂದಕ್ಕೇ ಎದ್ದು ಒಲೆ ಹಚ್ಚಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದಿದ್ದಳು. ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿ ಹಿಂಡಿಯ ಡಬ್ಬಿ, ಎಲ್ಲವನ್ನೂ ಬಿಳಿ ಪಂಜೆಯಲ್ಲಿ ಕಟ್ಟಿದ ಗಂಟು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಗಂಟಿನ ಬಿಸಿ ಇನ್ನೂ ಆರಿರಲಿಲ್ಲ.

ಕೃಷ್ಣೆಯ ಸೇತುವೆ ದಾಟುವಾಗ ಮಂಜು. ಬಾಗಲಕೋಟೆ ತಲುಪುವವರೆಗೆ ತೊಂದರೆಯಿಲ್ಲ. ಅಲ್ಲಿಂದ ಮುಂದೆ ಕಬ್ಬಿನ ಟ್ರ್ಯಾಕ್ಟರ್‌ಗಳು ಶುರುವಾದವು. ಜನವರಿಯಲ್ಲಿ ಆ ಸೀಮೆಯ ರಸ್ತೆ ಕಂಡವರಿಗೆ ಗೊತ್ತು. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್, ಟ್ರೇಲರಿನ ಎರಡೂ ಪಕ್ಕಕ್ಕೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ಮುಂದೆ ದೊಡ್ಡ ದನಿಯಲ್ಲಿ ಹಾಡು. ಒಂದನ್ನು ದಾಟಿದರೆ ಮುಂದೆ ಮತ್ತೆ ಮೂರು. ಡ್ರೈವರ್ ಹುಡುಗ, "ಹೆದರಬ್ಯಾಡ್ರಿ ಸರ, ಎಂಟಕ್ಕ ಮುಟ್ಟಸ್ತೀನಿ" ಎನ್ನುತ್ತಲೇ ಇದ್ದ. ಅವನನ್ನು ಅವಸರ ಮಾಡುವುದು ನನಗೆ ಸರಿಯೆನಿಸಲಿಲ್ಲ. ಕುಳಗೇರಿ ಕ್ರಾಸಿನ ಹತ್ತಿರ ಗಾಲಿ ಪಂಕ್ಚರ್ ಆಯಿತು. ಅವನು ಜಾಕ್ ಹಚ್ಚಿ ಗಾಲಿ ಬದಲಿಸುವಷ್ಟರಲ್ಲಿ ನಾವು ದಾಟಿ ಬಂದಿದ್ದ ಟ್ರ್ಯಾಕ್ಟರ್‌ಗಳೆಲ್ಲ ಅವೇ ಹಾಡುಗಳೊಂದಿಗೆ ನಮ್ಮನ್ನು ದಾಟಿ ಹೋದವು.

ನಿಲ್ದಾಣದ ಬಾಗಿಲಿಗೆ ಬಂದಾಗ ಎಂಟು ಗಂಟೆ ಇಪ್ಪತ್ತೆರಡು ನಿಮಿಷ. ಏಳು ನಿಮಿಷ ತಡ. ನಿಯಮ ನಿಯಮವೇ, ಅಲ್ಲಿದ್ದವರನ್ನು ದೂರುವಂತಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತೆವು. ಒಂಬತ್ತೂವರೆಯ ಸುಮಾರಿಗೆ ವಿಮಾನ ಏರಿತು. ಅಕ್ಕ ಅದು ಕಣ್ಮರೆಯಾಗುವವರೆಗೂ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. ಆಮೇಲೆ ಗಂಟು ಬಿಚ್ಚಿ ಡ್ರೈವರ್ ಹುಡುಗನಿಗೆ ಮೊದಲು ರೊಟ್ಟಿ ಕೊಟ್ಟು, ನನ್ನ ಕಡೆ ತಿರುಗಿ, "ತಮ್ಮಾ, ವಿಮಾನಕ್ಕ ಹೊತ್ತು ಹಿಡಿಯೂದಿಲ್ಲ, ವಿಮಾನದ ತನಾ ಬರಾಕ ಹಿಡೀತೈತಿ" ಎಂದಳು. ಅವಳು ನಾಲ್ಕನೆಯ ತರಗತಿಯವರೆಗೆ ಓದಿದವಳು. ಅಂದು ರಾತ್ರಿಯ ಬಸ್ಸಿಗೆ ನಿಡಗುಂದಿಯಿಂದಲೇ ಹತ್ತಿ ಮರುದಿನ ಬೆಳಿಗ್ಗೆ ಬೆಂಗಳೂರು ಮುಟ್ಟಿದಳು.

ಆ ವಿಮಾನ ಸಿಕ್ಕಿದ್ದರೂ ಲೆಕ್ಕ ಏನಾಗುತ್ತಿತ್ತು? ಮನೆಯಿಂದ ಹುಬ್ಬಳ್ಳಿಗೆ ನಾಲ್ಕು ತಾಸು, ಅಲ್ಲಿ ಕಾಯುವುದು ಒಂದು ತಾಸು, ಹಾರುವುದು ತಾಸೂಕಾಲು, ದೇವನಹಳ್ಳಿಯ ನಿಲ್ದಾಣದಿಂದ ಬೆಂಗಳೂರಿನ ಮನೆಗೆ ಎರಡು ತಾಸು. ಎಂಟು ತಾಸಿನ ಮೇಲಾಯಿತು. ರಾತ್ರಿ ಬಸ್ಸು ನಮ್ಮೂರಿನಿಂದ ಬೆಂಗಳೂರಿಗೆ ಹತ್ತು, ಹನ್ನೊಂದು ತಾಸು. ಉಳಿದದ್ದು ಎರಡು ಮೂರು ತಾಸು ಮಾತ್ರ, ಅದಕ್ಕೆ ಟಿಕೆಟ್ಟಿನಷ್ಟೇ ಕಾರಿನ ಬಾಡಿಗೆ. ಉಡಾನ್ ಯೋಜನೆ 2016ರಲ್ಲಿ ಬಂದಾಗ ಒಂದು ತಾಸಿನ ಹಾರಾಟಕ್ಕೆ, ವಿಮಾನದ ಸುಮಾರು ಅರ್ಧ ಸೀಟುಗಳಿಗೆ 2,500 ರೂಪಾಯಿಯ ಮಿತಿ ಹಾಕಿದರು. ಒಳ್ಳೆಯ ಯೋಜನೆ, ಹವಾಯಿ ಚಪ್ಪಲಿ ಹಾಕಿದವರೂ ಹಾರಲಿ ಎಂಬ ಮಾತು ಆಗ ದೊಡ್ಡದಾಗಿ ಕೇಳಿಬಂತು. ಆದರೆ ಆ ಚಪ್ಪಲಿ ಹಾಕಿದವರು ನಿಲ್ದಾಣದವರೆಗೆ ಹೇಗೆ ಬರಬೇಕು ಎಂಬುದಕ್ಕೆ ಯೋಜನೆಯಲ್ಲಿ ಅಷ್ಟೇ ಗಟ್ಟಿಯಾದ ಉತ್ತರ ಇರಲಿಲ್ಲ.

ನಿಲ್ದಾಣಗಳು ಯಾಕೆ ಹೀಗೆ ಅಂಚಿಗೆ ಸಾಲಾಗಿ ನಿಂತವು ಎಂಬುದಕ್ಕೂ ಕಾರಣಗಳಿವೆ. ಸಾಂಬ್ರಾದ್ದು ಎರಡನೇ ಮಹಾಯುದ್ಧದ ಕಾಲದ ನೆಲ. ತೋರಣಗಲ್ಲಿನದು ಉಕ್ಕಿನ ಕಾರ್ಖಾನೆಯ ಬೆನ್ನಿಗೆ ಬಂದದ್ದು. ಹುಬ್ಬಳ್ಳಿ ವ್ಯಾಪಾರದ ಊರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಶುರುಮಾಡಿದಾಗ ಮೊದಲ ವಿಮಾನ ಹಾರಿಸಿದ್ದು ಬೆಂಗಳೂರಿನಿಂದ ಹುಬ್ಬಳ್ಳಿಗೆ. ಕಲಬುರಗಿಗೆ 2008ರಲ್ಲಿ ಶಂಕುಸ್ಥಾಪನೆಯಾಯಿತು, ಸಾಮಾನ್ಯ ಜನರ ವಿಮಾನ ಇಳಿದದ್ದು 2019ರ ನವೆಂಬರ್ 22ಕ್ಕೆ. ಮೂರು ಕಿಲೋಮೀಟರಿಗೂ ಮಿಕ್ಕ ರನ್‌ವೇ ಅಲ್ಲಿಯದು. ಬೀದರಿನಲ್ಲಿ ವಾಯುಪಡೆಯ ರನ್‌ವೇ ಮೊದಲೇ ಇತ್ತು, 2020ರ ಫೆಬ್ರವರಿಯಲ್ಲಿ ಅಲ್ಲಿಯೂ ಪ್ರಯಾಣಿಕರ ವಿಮಾನ ಬಂತು, ನಿಂತಿತು, ಮತ್ತೆ ಬಂತು. ಹುಬ್ಬಳ್ಳಿ ಮತ್ತು ಬೆಳಗಾವಿ ನಿಲ್ದಾಣಗಳ ನಡುವೆ ಆಕಾಶದಲ್ಲಿ 75 ಕಿಲೋಮೀಟರ್ ಕೂಡ ಇಲ್ಲ. ಕಲಬುರಗಿ, ಬೀದರಿನ ನಡುವೆ 90ರೊಳಗೆ. ಅತ್ತ ಒಂದು ಜೋಡಿ, ಇತ್ತ ಒಂದು ಜೋಡಿ. ನಡುವೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಿಡಗುಂದಿ.

ಕೇಂದ್ರ ಸರ್ಕಾರ 2008ರಲ್ಲಿ ತಂದ ಹೊಸ ವಿಮಾನ ನಿಲ್ದಾಣಗಳ ನೀತಿಯಲ್ಲಿ ಒಂದು ಅಳತೆಯಿದೆ. ಈಗಾಗಲೇ ಇರುವ ನಾಗರಿಕ ನಿಲ್ದಾಣದಿಂದ 150 ಕಿಲೋಮೀಟರ್ ಆಕಾಶದೂರದ ಒಳಗೆ ಹೊಸದು ಬೇಕಾದರೆ ಅದನ್ನು ವಿಶೇಷವಾಗಿ ಪರಿಶೀಲಿಸಬೇಕು. ನಮ್ಮ ಮೊಮ್ಮಗಳು ಎಳೆದ ವರ್ತುಲವೂ ಅಷ್ಟೇ, 150. ನೀತಿ ಬರೆದವರು ನಿಡಗುಂದಿಯನ್ನು ನೋಡಿ ಬರೆದಿಲ್ಲ, ಆದರೆ ಅವರ ಅಳತೆಯ ತುದಿಯಲ್ಲಿಯೇ ನಾವಿದ್ದೇವೆ.

ಈಗ ಕಲಬುರಗಿಯ ಕಡೆಯ ದಾರಿ. ಅದು ಹಾರುವವರ ದಾರಿಗಿಂತ ಹೆಚ್ಚಾಗಿ ಅಲೆಯುವವರ ದಾರಿ. ಹೈಕೋರ್ಟಿನ ಪೀಠಗಳು 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಗೆ ಬಂದವು. ಅದಕ್ಕೆ ಮೊದಲು ಎಲ್ಲದಕ್ಕೂ ಬೆಂಗಳೂರು, ಆದ್ದರಿಂದ ಇದು ದೊಡ್ಡ ಉಪಕಾರವೇ. ವಿಜಯಪುರ ಜಿಲ್ಲೆ ಕಲಬುರಗಿ ಪೀಠಕ್ಕೆ ಸೇರಿತು, ಬಾಗಲಕೋಟೆ ಧಾರವಾಡಕ್ಕೆ. ನಡುವಿನ ಗಡಿ ಕೃಷ್ಣೆ. ಆಲಮಟ್ಟಿಯ ಹಿನ್ನೀರಿಗೆ ನದಿಯ ಎರಡೂ ದಂಡೆಯ ಹೊಲಗಳು ಹೋದವು. ದಕ್ಷಿಣ ದಂಡೆಯ ಸೀತಿಮನಿಯ ರೈತ ತನ್ನ ಮುಳುಗಡೆ ಪರಿಹಾರದ ಮೇಲ್ಮನವಿಗೆ ಧಾರವಾಡಕ್ಕೆ ಹೋಗುತ್ತಾನೆ, ಉತ್ತರ ದಂಡೆಯ ನಮ್ಮವನು ಕಲಬುರಗಿಗೆ. ಬಸ್ಸಿನ ಸಂಸ್ಥೆಯೂ ಹಾಗೆಯೇ, ನದಿಯಾಚೆ ವಾಯವ್ಯ ಕರ್ನಾಟಕ, ಈಚೆ ಕಲ್ಯಾಣ ಕರ್ನಾಟಕ. ಆದರೆ ದೊಡ್ಡ ಆಸ್ಪತ್ರೆ ಎಂದರೆ ನಮ್ಮೂರವರ ಬಾಯಲ್ಲಿ ಇಂದಿಗೂ ಹುಬ್ಬಳ್ಳಿ. ಹೀಗೆ ಕಾಯಿಲೆ ಬಂದರೆ ನೈಋತ್ಯಕ್ಕೆ, ಕೇಸು ಬಂದರೆ ಈಶಾನ್ಯಕ್ಕೆ. ಹುಬ್ಬಳ್ಳಿ, ಕಲಬುರಗಿಯ ನಡುವಿನ ಆ 294 ಕಿಲೋಮೀಟರಿನ ಗೆರೆಯನ್ನು ನಮ್ಮ ಜನ ಅರ್ಧರ್ಧವಾಗಿ ಕಾಲಿನಿಂದಲೇ ತುಳಿದಿದ್ದಾರೆ.

ನಮ್ಮ ನೆರೆಮನೆಯ ಕಾಕಾ ಒಬ್ಬರು ಹಿನ್ನೀರಿಗೆ ಹೋದ ನಾಲ್ಕು ಎಕರೆಯ ಪರಿಹಾರಕ್ಕಾಗಿ ವರ್ಷಗಟ್ಟಲೆ ಕಲಬುರಗಿಗೆ ಓಡಾಡಿದರು. ಬಾಗೇವಾಡಿ, ಸಿಂದಗಿ, ಜೇವರ್ಗಿ, ಕಟ್ಟಿಸಂಗಾವಿಯ ಹತ್ತಿರ ಭೀಮೆಯ ಸೇತುವೆ, ಆಮೇಲೆ ಕಲಬುರಗಿ. 190 ಕಿಲೋಮೀಟರಿನ ಆಸುಪಾಸು. ಹಿಂದಿನ ದಿನವೇ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಮಲಗಿ, ಮುಂಜಾನೆ ನಳದಲ್ಲಿ ಮುಖ ತೊಳೆದು, ಇಸ್ತ್ರಿ ಮಾಡಿದ ಧೋತರ ಚೀಲದಿಂದ ತೆಗೆದು ಉಟ್ಟುಕೊಂಡು ವಕೀಲರ ಮನೆಗೆ ಹೋಗುತ್ತಿದ್ದರು. ಅವರ ಕೈಚೀಲದಲ್ಲಿ ಕಾಗದಗಳ ಕಟ್ಟಿನ ಜೊತೆಗೆ ಹಳೆಯ ಬಸ್ ಟಿಕೆಟ್ಟುಗಳನ್ನೂ ದಾರದಲ್ಲಿ ಪೋಣಿಸಿ ಇಟ್ಟುಕೊಂಡಿದ್ದರು. ಯಾಕೆ ಕಾಕಾ ಎಂದು ಕೇಳಿದರೆ, "ಇದೂ ಖರ್ಚಲ್ಲೇನೋ ಮಾಸ್ತರ, ಕೋರ್ಟಿನ್ಯಾಗ ತೋರಸ್ತೀನಿ" ಎನ್ನುತ್ತಿದ್ದರು. ಆ ಟಿಕೆಟ್ಟಿನ ಸರವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ನನ್ನ ಮೊಳಕ್ಕಿಂತ ಉದ್ದವಿತ್ತು. ದೂರ ಎಂದರೆ ಏನು ಎಂದು ಮಕ್ಕಳಿಗೆ ತೋರಿಸಲು ನಾನು ತರಗತಿಗೆ ಒಯ್ಯಬೇಕಾಗಿದ್ದದ್ದು ಅದನ್ನೇ. ಅವರಿಗೆ ವಿಮಾನದ ಆಸೆ ಇರಲಿಲ್ಲ. ಹೋದ ದಿನವೇ ತಿರುಗಿ ಮನೆಗೆ ಬರುವಂಥ ಒಂದು ಬಸ್ಸಿದ್ದರೆ ಅವರಿಗೆ ಸಾಕಾಗುತ್ತಿತ್ತು.

ಅದಕ್ಕೇ ನಾನು ಕೇಳಿಕೊಳ್ಳುವುದು ಇಷ್ಟು. ವಿಮಾನಕ್ಕೆ ಮೂರು ವರ್ಷ ನಷ್ಟ ತುಂಬಿಕೊಡುವ ಯೋಜನೆ ಇದೆಯಲ್ಲ, ಅದರಲ್ಲಿ ಒಂದು ಸಣ್ಣ ಪಾಲು ಬಸ್ಸಿಗೂ ಇರಲಿ. ವಿಜಯಪುರ, ನಿಡಗುಂದಿ, ಬಾಗಲಕೋಟೆ ಮುಟ್ಟಿ, ಬೆಳಗಿನ ವಿಮಾನದ ಹೊತ್ತಿಗೆ ಹೊಂದಿಸಿ ಹುಬ್ಬಳ್ಳಿ ನಿಲ್ದಾಣದ ಬಾಗಿಲಿಗೇ ಹೋಗುವ ಒಂದು ಬಸ್ಸು. ಸಿಂದಗಿ, ಜೇವರ್ಗಿಯ ಮೇಲೆ ಕಲಬುರಗಿಗೆ ಇನ್ನೊಂದು, ಸಂಜೆ ಅದೇ ತಿರುಗಿ ಬರಲಿ, ಕೋರ್ಟಿಗೆ ಹೋದವರಿಗೂ ಆದೀತು. ಬೆಂಗಳೂರಿನಲ್ಲಿ ಊರಿನ ಮೂಲೆಮೂಲೆಯಿಂದ ದೇವನಹಳ್ಳಿಗೆ ಹಗಲೂ ರಾತ್ರಿ ವಾಯುವಜ್ರ ಬಸ್ಸುಗಳು ಓಡುತ್ತವೆ. ನಲವತ್ತು ಕಿಲೋಮೀಟರ್ ದೂರದವರಿಗೆ ಆ ಅನುಕೂಲ ಇದ್ದ ಮೇಲೆ ನೂರೈವತ್ತು ಕಿಲೋಮೀಟರ್ ದೂರದವರಿಗೆ ಇನ್ನೂ ಹೆಚ್ಚಾಗಿ ಬೇಕು. ಕಬ್ಬಿನ ಹಂಗಾಮಿನಲ್ಲಿ ಟ್ರೇಲರಿನ ಹಿಂದೆ ಕೆಂಪು ದೀಪವೋ ಹೊಳೆಯುವ ಪಟ್ಟಿಯೋ ಹಚ್ಚಿಸುವುದು ಇನ್ನೂ ಸಣ್ಣ ಕೆಲಸ. ಅದರಿಂದ ವಿಮಾನವಷ್ಟೇ ಅಲ್ಲ, ಜೀವಗಳೂ ಉಳಿಯುತ್ತವೆ.

ವಿಜಯಪುರದ ಹತ್ತಿರ ಬುರಣಾಪುರದಲ್ಲಿ ನಮ್ಮದೇ ನಿಲ್ದಾಣ ಎದ್ದಿದೆ. 2021ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಮೊದಲು ಎಟಿಆರ್ ಇಳಿಯಲು ಸಾಕಾಗುವಷ್ಟು ಎಂದು ಯೋಚಿಸಿದ್ದರು, ಆಮೇಲೆ ಏರ್‌ಬಸ್ ಕೂಡ ಇಳಿಯುವಂತೆ ಹಿಗ್ಗಿಸಿದರು. ಪರಿಸರ ಅನುಮತಿಯ ತೊಡಕಿನಲ್ಲಿ ದಿನಗಳು ಹೋದವು. ನಾನು ಇದನ್ನು ಬರೆಯುವಾಗಲೂ ಮೊದಲ ವಿಮಾನದ ದಾರಿ ನೋಡುತ್ತಿದ್ದೇವೆ. ಇಂಡಿಯ ಲಿಂಬೆ, ನಮ್ಮ ದ್ರಾಕ್ಷಿ, ದಾಳಿಂಬೆ ಎಲ್ಲ ಅಲ್ಲಿಂದ ಹಾರುತ್ತವೆ ಎಂಬ ಮಾತಿದೆ, ಹಾರಲಿ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ವರ್ತುಲದ ನಡುವಿನ ಆ ಖಾಲಿ ಜಾಗ ತುಂಬುತ್ತದೆ ಎಂಬುದು. ಹುಬ್ಬಳ್ಳಿಯಿಂದ ಹೊರಟ ಸಣ್ಣ ವಿಮಾನವೊಂದು ವಿಜಯಪುರದಲ್ಲಿ ಇಳಿದು, ನಾಲ್ಕು ಜನರನ್ನು ಇಳಿಸಿ ಆರು ಜನರನ್ನು ಹತ್ತಿಸಿಕೊಂಡು, ಕಲಬುರಗಿಗೆ ಹೋಗುವ ದಿನ ಬರಬೇಕು. ಬಸ್ಸು ಊರೂರಿಗೆ ನಿಂತು ಹೋಗುವ ಹಾಗೆ. ಎಲ್ಲ ದಾರಿಗಳೂ ಬೆಂಗಳೂರಿಗೇ ಹೋಗಿ ತಿರುಗಬೇಕೆಂದಿಲ್ಲ.

ಚಳಿಗಾಲದ ರಾತ್ರಿ ನಮ್ಮ ಮಾಳಿಗೆಯ ಮೇಲೆ ಮಲಗಿದರೆ ವಿಮಾನಗಳು ಕಾಣುತ್ತವೆ. ಕೆಂಪು ದೀಪ ಮಿನುಗಿಸುತ್ತಾ, ಸದ್ದು ತಡವಾಗಿ ಬರುವಷ್ಟು ಎತ್ತರದಲ್ಲಿ, ದೊಡ್ಡ ಊರಿನಿಂದ ದೊಡ್ಡ ಊರಿಗೆ. ಮೂವತ್ತೈದು ಸಾವಿರ ಅಡಿ ಎಂದರೆ ಹತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಮ್ಮೂರಿಗೆ ಅತಿ ಹತ್ತಿರದ ವಿಮಾನ ಅದೇ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ತೊಟ್ಟಿಲ ಕೂಸಿಗೆ ಈಗ ಜವಳ ತೆಗೆಸುವ ಮಾತು ನಡೆದಿದೆ. "ತಮ್ಮಾ, ಬುರಣಾಪುರದಾಗ ವಿಮಾನ ಬಿಟ್ಟರ, ಒಂಬತ್ತೂಕಾಲರ ವಿಮಾನಕ್ಕ ನಾ ಎಷ್ಟಕ್ಕ ಒಲಿ ಹಚ್ಚಬೇಕಾಗತೈತಿ?" ಎಂದು ಕೇಳಿದಳು. ನಾನು ನಕಾಶೆಯ ಮುಂದೆ ಹೋಗಿ ನಿಂತೆ. ನಿಡಗುಂದಿಯ ಮೇಲೆ ಕೈವಾರದ ಮುಳ್ಳು ಊರಿದ ತೂತು ಇನ್ನೂ ಇದೆ. ಅಲ್ಲಿಂದ ವಿಜಯಪುರಕ್ಕೆ ಮೂರು ಸೆಂಟಿಮೀಟರ್, ಅರುವತ್ತು ಕಿಲೋಮೀಟರಿನ ಆಸುಪಾಸು, ನಾಲ್ಕು ಪಥದ ಹೆದ್ದಾರಿ. ತಾಸೂವರೆ ಹಿಡಿ, ಕೌಂಟರಿಗೆ ಒಂದು ತಾಸು, ಪಂಕ್ಚರಿಗೆ ಅರ್ಧ ತಾಸು.

"ನಾಕೂವರಿಗೆ ಹಚ್ಚಿದ್ರ ಸಾಕಕ್ಕಾ," ಎಂದೆ. "ರೊಟ್ಟಿ ಬಿಸಿ ಇರತಾವ."